ಇಪ್ಪತ್ತೈದು ಕಿಲೋ ಮುದ್ರೆಯ ಕ್ಯಾರಿಯರ್

ನಮ್ಮ ಭಾವನವರು ಮನುಷ್ಯರನ್ನು ನಂಬುವುದಿಲ್ಲ. ಹೆಂಡತಿಯ ಮಾತನ್ನು ಅರ್ಧ ನಂಬುತ್ತಾರೆ, ನನ್ನ ಮಾತನ್ನಂತೂ ಮೂಸಿಯೂ ನೋಡುವುದಿಲ್ಲ. ಅವರು ನಂಬುವುದು ಮುದ್ರೆಯನ್ನು. ಕಬ್ಬಿಣದ ಮೇಲೋ ಹಿತ್ತಾಳೆಯ ಮೇಲೋ ಯಾರಾದರೂ ಒಂದು ಅಂಕಿ ಒತ್ತಿಬಿಟ್ಟರೆ ಮುಗಿಯಿತು, ಅದು ಅವರಿಗೆ ಹೆತ್ತ ತಾಯಿಯ ಮಾತು.

ಅವರ ಕಸುಬು ತಕ್ಕಡಿ ರಿಪೇರಿ. ಅಂಗಡಿಯವರ ತಕ್ಕಡಿಗೆ ವರ್ಷಕ್ಕೊಮ್ಮೆ ಅಳತೆ ಆಫೀಸಿನವರು ಮುದ್ರೆ ಒತ್ತಬೇಕು. ಅದಕ್ಕೆ ಮೊದಲು ಭಾವ ಹೋಗಿ ತಮ್ಮ ಕಲ್ಲುಗಳನ್ನಿಟ್ಟು ತೂಗಿ, ಎಳೆದು, ತಿರುಗಿಸಿ, ತಕ್ಕಡಿಯನ್ನು ಸರಿ ಮಾಡಿ ಕೊಡುತ್ತಾರೆ. ಕಲ್ಲು ಅಂದರೆ ಬೀಡುಕಬ್ಬಿಣದ ತೂಕದ ಕಲ್ಲು. ಹತ್ತು ಕಿಲೋದ್ದು ಒಂದು, ಐದರದ್ದು ಒಂದು, ಎರಡರವು ಎರಡು, ಒಂದರದ್ದು ಒಂದು. ಜೊತೆಗೆ ಗ್ರಾಂ ಕಲ್ಲುಗಳ ಡಬ್ಬಿ, ಸುತ್ತಿಗೆ, ಪಾನಾ. ಎಲ್ಲ ಒಂದು ಮರದ ಪೆಟ್ಟಿಗೆಯಲ್ಲಿ, ಹಳೇ ಕಂಬಳಿ ಹಾಸಿದ ಗೂಡುಗಳಲ್ಲಿ. ಪೆಟ್ಟಿಗೆ ಸಮೇತ ಇಪ್ಪತ್ನಾಲ್ಕು ಕಿಲೋ. ಈ ಲೆಕ್ಕ ನನ್ನದಲ್ಲ, ಅವರೇ ತೂಗಿದ್ದು. ಆ ಇಪ್ಪತ್ನಾಲ್ಕು ಕಿಲೋ ಸೈಕಲ್ಲಿನ ಹಿಂದೆ ಏರಿಸಿಕೊಂಡು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆಗೆ ವಾಪಸ್. ಇಪ್ಪತ್ತೆರಡು ವರ್ಷದಿಂದ ಇದೇ.

ಕಲ್ಲನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಬೆವರು ಹತ್ತಿದರೆ ತುಕ್ಕು ಹಿಡಿಯುತ್ತದಂತೆ, ತುಕ್ಕು ಹಿಡಿದರೆ ತೂಕ ಕೆಡುತ್ತದಂತೆ. ಒಂದು ಬಿಳಿ ಬಟ್ಟೆ ಸುತ್ತಿ ಎತ್ತುತ್ತಾರೆ, ಬಾಣಂತಿಯ ಕೈಯಿಂದ ಮಗು ಇಸಿದುಕೊಂಡ ಹಾಗೆ. "ನನ್ನ ಮಕ್ಕಳನ್ನ ಒಂದು ದಿನ ಹೀಗೆ ಎತ್ತಿದ್ರಾ ಕೇಳು" ಅನ್ನುತ್ತಾಳೆ ಅಕ್ಕ. ಮದುವೆಗೆ ಮೊದಲು ನಮ್ಮ ಮನೆಗೆ ಬಂದಾಗ ಅಕ್ಕನ ಮುಖ ನೋಡುವುದು ಬಿಟ್ಟು ಅಪ್ಪನ ಅಂಗಡಿಯ ತಕ್ಕಡಿ ನೋಡಿ, "ಎಡಗಡೆ ತಟ್ಟೆ ಸ್ವಲ್ಪ ಇಳಿದಿದೆ ಮಾವ" ಅಂದವರು ಇವರು. ಅಪ್ಪನಿಗೆ ಅವತ್ತೇ ಸಿಟ್ಟು ಬಂದಿತ್ತು. ಸಿಟ್ಟು ನಮ್ಮ ವಂಶದಲ್ಲೇ ಇದೆ, ನನಗೊಬ್ಬನಿಗೇ ಬಂದದ್ದಲ್ಲ.

ಹೋದ ವರ್ಷ ಅವರ ಸೈಕಲ್ಲಿನ ಹಳೇ ಕ್ಯಾರಿಯರ್ ತುಕ್ಕು ತಿಂದು ಹೋಯಿತು. ಸೀಟಿನ ಕೆಳಗಿನ ಬೆಸುಗೆ ಬಿಟ್ಟು, ಪೆಟ್ಟಿಗೆ ಹಿಂದಕ್ಕೆ ಜೋತು ಬೀಳುತ್ತಿತ್ತು. ಸರಿಯಾಗಿ ಅದೇ ಸಮಯಕ್ಕೆ ಅವರ ಸ್ವಂತ ಕಲ್ಲುಗಳ ವರ್ಷದ ಪರೀಕ್ಷೆಯೂ ಬಂದಿತ್ತು. ಊರಿನವರ ತಕ್ಕಡಿ ನೋಡುವವನ ಕಲ್ಲನ್ನೂ ಆಫೀಸಿನವರು ತೂಗಿ ಮುದ್ರೆ ಒತ್ತಬೇಕು. ಮುದ್ರೆ ಇಲ್ಲದಿದ್ದರೆ ಆ ಕಲ್ಲು ಹಿತ್ತಲಲ್ಲಿ ಬಾಗಿಲಿಗೆ ಅಡ್ಡ ಇಡಲಿಕ್ಕಷ್ಟೇ. ಇನ್ನೊಂದು ಮಾತು: ಒಂದನೇ ತಾರೀಕಿಗೆ ಧಾನ್ಯದ ಮಂಡಿಯ ಕೆಲಸ ಶುರುವಾಗುತ್ತದೆ. ನಲವತ್ತೆರಡು ಅಂಗಡಿ, ಎಲ್ಲ ದೊಡ್ಡ ತಕ್ಕಡಿ. ಪೂರ್ತಿ ಸೆಟ್ಟಿಗೆ ಹೊಸ ಮುದ್ರೆ ಇದ್ದವನಿಗೇ ಆ ಕೆಲಸ. ಭಾವನ ಮನೆಯ ವರ್ಷದ ಅರ್ಧ ಅನ್ನ ಅದರಲ್ಲಿ. ಮುದ್ರೆ ಹಾಕಿಸಲು ಕೊನೆಯ ದಿನಕ್ಕೆ ಇನ್ನು ಹತ್ತು ದಿನ ಇತ್ತು.

ನಾನು ವೆಲ್ಡಿಂಗ್ ಕೆಲಸದವನು. ಗೇಟು, ಕಿಟಕಿ ಕಂಬಿ, ನೀರಿನ ಟ್ಯಾಂಕಿನ ಸ್ಟ್ಯಾಂಡು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟರೂ ಯಾವ ಸರಳು ಎಷ್ಟು ಹೊರುತ್ತದೆ ಅಂತ ಕೈಗೆ ಗೊತ್ತು. "ಭಾವ, ಬನ್ನಿ ಶೆಡ್ಡಿಗೆ, ಅರ್ಧ ದಿನದಲ್ಲಿ ಮಾಡಿಕೊಡ್ತೀನಿ" ಅಂದೆ.

"ಎಷ್ಟು ತೂಕ ತಡೆಯುತ್ತೆ ಅಂತ ಅದರ ಮೇಲೆ ಒತ್ತಿಕೊಡ್ತೀಯಾ?"

"ಒತ್ತೋದೇನು ಭಾವ, ನೀವೂ ಅಕ್ಕನೂ ಜೊತೇಲಿ ಕೂತರೂ ತಡೆಯುತ್ತೆ."

"ಅಂಕಿ ಹೇಳಪ್ಪಾ. ಅಂಕಿ ಇಲ್ಲ ಅಂದರೆ ಅದು ಕ್ಯಾರಿಯರ್ ಅಲ್ಲ, ನಿನ್ನ ಅಂದಾಜು."

ಒಳಗಿನಿಂದ ಅಕ್ಕ, "ಲೋ ತಮ್ಮಾ, ಇವರ ಹತ್ತಿರ ಯಾಕೋ ತಲೆ ಚಚ್ಚಿಕೊಳ್ತೀಯ? ಕೋಣನ ಮುಂದೆ ಕಿನ್ನರಿ" ಅಂದಳು. ನಾನು ಎದ್ದು ಬಂದೆ.

ಆಮೇಲೆ ಎಂಟು ದಿನ ಈ ಮಹಾನುಭಾವರು ಕ್ಯಾರಿಯರ್ ಆರಿಸಿದರು. ಎಂಟು ದಿನ! ಮಗಳಿಗೆ ಗಂಡು ಹುಡುಕುವಾಗ ನಾಲ್ಕೇ ದಿನ ಓಡಾಡಿದ್ದು. ಕೈಯಲ್ಲಿ ಟೇಪು, ಕಿವಿಯಲ್ಲಿ ಪೆನ್ಸಿಲ್. ಒಂದು ಅಂಗಡಿಯಲ್ಲಿ ಸೀಟಿನ ಕಂಬಿಗೆ ಮಾತ್ರ ಕಚ್ಚಿಕೊಂಡು ನಾಯಿ ಬಾಲದ ಹಾಗೆ ಹಿಂದಕ್ಕೆ ಚಾಚಿದ್ದ ಒಂದು ಮಾಲು ತೋರಿಸಿದರು. ಕೆಳಗೆ ಕಾಲೇ ಇಲ್ಲ. ಅದರ ಮೇಲೆ ಟವಲ್ಲು ಇಡಬಹುದು, ಅದೂ ಒಣಗಿದ್ದರೆ. ಇನ್ನೊಂದು ಕಡೆ ತಗಡಿಗೆ ದಪ್ಪ ಕಪ್ಪು ಬಣ್ಣ ಬಳಿದು ಕಬ್ಬಿಣ ಅಂತ ಕೂರಿಸಿದ್ದರು. ಉಗುರಿನಲ್ಲಿ ಕೆರೆದರೆ ಡಬ್ಬಿಯ ಮುಚ್ಚಳ. ಭಾವ ಇದನ್ನೆಲ್ಲ ಬೇಡ ಅಂದದ್ದು ಗಟ್ಟಿ ಇಲ್ಲ ಅಂತಲ್ಲ, ಮೇಲೆ ಅಂಕಿ ಇಲ್ಲ ಅಂತ!

ಒಂಬತ್ತನೇ ದಿನ ಕರೆ ಬಂತು. "ಸಿಕ್ಕಿತು ಕಣಪ್ಪಾ. ಬಂದು ನೋಡು."

ದೊಡ್ಡ ರಸ್ತೆಯ ಸೈಕಲ್ ಅಂಗಡಿ. ಅದರ ಮಾಲೀಕನ ಬಾಯಿ ಬೆಲ್ಲದಚ್ಚು, ಕೈ ಮಾತ್ರ ಬೇವು. ಗಾಜಿನ ಮೇಜಿನ ಮೇಲೆ ಅಲ್ಯೂಮಿನಿಯಂ ಕ್ಯಾರಿಯರ್ ಇಟ್ಟು, ಒಡವೆ ತೋರಿಸಿದ ಹಾಗೆ ಕೆಳಗೊಂದು ಬಟ್ಟೆ ಹಾಸಿದ್ದ. ಬೆಳ್ಳಗೆ ಹೊಳೆಯುತ್ತಿತ್ತು. ನಡುವಿನ ಪಟ್ಟಿಯ ಮೇಲೆ ಅಚ್ಚೊತ್ತಿತ್ತು: ಇಪ್ಪತ್ತೈದು ಕಿಲೋ. ಭಾವ ಆ ಅಂಕಿಯ ಮೇಲೆ ಬೆರಳಾಡಿಸುತ್ತಿದ್ದರು.

"ನೋಡು, ನನ್ನದು ಇಪ್ಪತ್ನಾಲ್ಕು. ಇನ್ನೂ ಒಂದು ಕಿಲೋ ಮಿಗುತ್ತೆ."

ನಾನು ಅಂಕಿ ನೋಡಲಿಲ್ಲ, ಕಾಲು ನೋಡಿದೆ. ಹಿಂದಿನ ಚಕ್ರದ ಹತ್ತಿರ ಬೋಲ್ಟಿಗೆ ಸಿಕ್ಕಿಸುವ ಕಡೆ ಕಂಬಿಯನ್ನು ಚಪ್ಪಟೆ ಬಡಿದು ತೂತು ಕೊರೆದಿದ್ದರು. ಅಲ್ಲಿ ಉಳಿದದ್ದು ಹಪ್ಪಳದಷ್ಟು ದಪ್ಪ. "ಭಾವ, ಇದು ಇಲ್ಲಿ ಮುರಿಯುತ್ತೆ" ಅಂದೆ.

"ಏನಣ್ಣಾ ಹಾಗಂತೀರಿ? ಕಂಪನಿಯವರು ಮಷೀನಲ್ಲಿ ಪರೀಕ್ಷೆ ಮಾಡಿ ಒತ್ತಿರೋದು. ಬೇಕಾದರೆ ನೀವೇ ಕೂತು ನೋಡಿ" ಅಂದ ಅಂಗಡಿಯವನು.

ನನಗೆ ರೇಗಿತು. ಒಂದು ಸೈಕಲ್ಲಿಗೆ ಅದನ್ನು ಹಾಕಿಸಿ, ಸ್ಟ್ಯಾಂಡ್ ಹಾಕಿಸಿ, ಹೋಗಿ ಕೂತೆ. ನನ್ನ ತೂಕ ಎಂಬತ್ತರ ಮೇಲೆ. ಈಗ ಮುರಿಯುತ್ತೆ, ಇವನ ಬೆಲ್ಲದ ಬಾಯಿಗೆ ಮಣ್ಣು ಬೀಳುತ್ತೆ ಅಂತ ಕಾದೆ. ಹಾಳಾದ್ದು ಕಿರ್ ಅಂತಲೂ ಅನ್ನಲಿಲ್ಲ. ಟ್ಯೂಬು ಕೊಳ್ಳಲು ಬಂದಿದ್ದ ಇಬ್ಬರು ನಿಂತು ನೋಡಿ ನಕ್ಕರು. ಅಂಗಡಿಯವನು, "ಅಣ್ಣ, ಇಳಿಯೋದಾ ಇಲ್ಲಾ ಟೀ ತರಿಸಲಾ?" ಅಂದ.

"ನೋಡಿದೆಯಾ? ಮುದ್ರೆ ಸುಳ್ಳು ಹೇಳಲ್ಲ" ಅಂದರು ಭಾವ.

"ಕೂತ ತೂಕ ಬೇರೆ, ಕುಣಿಯೋ ತೂಕ ಬೇರೆ ಭಾವ! ನಾನು ಇಲ್ಲಿ ಕೂತಿದ್ದೀನಿ. ನಿಮ್ಮ ಪೆಟ್ಟಿಗೆ ಗುಂಡಿಗುಂಡಿಗೂ ಎಗರುತ್ತೆ!" ಅಂತ ಕೂಗಿದೆ. ಆದರೆ ಕ್ಯಾರಿಯರ್ ಮೇಲೆ ಕೂತುಕೊಂಡು ಕ್ಯಾರಿಯರ್ ಮುರಿಯುತ್ತೆ ಅಂತ ಕೂಗುವವನ ಮಾತು ಯಾರು ಕೇಳುತ್ತಾರೆ? ಕೊಂಡರು.

ಮರುದಿನವೇ ಕೊನೆಯ ದಿನ. ಆಫೀಸಿನ ಕಿಟಕಿ ಒಂದು ಗಂಟೆಗೆ ಮುಚ್ಚುತ್ತದೆ. ಅಕ್ಕ ಬೆಳಿಗ್ಗೆಯೇ ನನಗೆ ಹೇಳಿಕಳಿಸಿದ್ದಳು, "ಜೊತೆಗೆ ಹೋಗೋ, ಇವರು ದಾರೀಲಿ ಯಾರದಾದರೂ ತಕ್ಕಡಿ ನೋಡ್ತಾ ನಿಂತುಬಿಡ್ತಾರೆ." ನಾನು ನನ್ನ ಸೈಕಲ್ಲಿನಲ್ಲಿ ಹಿಂದೆ ಹಿಂದೆ ಹೋದೆ. ಭಾವ ನೆಟ್ಟಗೆ ಕೂತು ಮದುವೆ ಗಂಡಿನ ಹಾಗೆ ತುಳಿಯುತ್ತಿದ್ದರು. ಹಿಂದೆ ಪೆಟ್ಟಿಗೆ, ಅದರ ಸುತ್ತ ಹಗ್ಗ, ಕೆಳಗೆ ಬೆಳ್ಳನೆಯ ಅಲ್ಯೂಮಿನಿಯಂ.

ರೈಲ್ವೆ ಗೇಟು ದಾಟುವಾಗ ಮುಂದಿನ ಚಕ್ರ ಮೊದಲ ಹಳಿ ಹತ್ತಿ ಇಳಿಯಿತು, ಹಿಂದಿನ ಚಕ್ರ ಹತ್ತಿತು, ಇಳಿಯಿತು. ಟಿಕ್ ಅಂತ ಒಂದು ಸದ್ದು. ಅಷ್ಟೇ. ಪೆನ್ಸಿಲ್ ಮುರಿದ ಹಾಗೆ. ಎಡಗಾಲು ಹೋಯಿತು, ಅದರ ಹಿಂದೆಯೇ ಬಲಗಾಲು. ಪೆಟ್ಟಿಗೆ ಮಗುಚಿ ಮುಚ್ಚಳ ತೆರೆದುಕೊಂಡು, ಹತ್ತರ ಕಲ್ಲು ಎಗರಿ ಎರಡನೇ ಹಳಿಯ ಮೇಲೆ ಠಣ್ ಅಂತ ಬಿತ್ತು.

ಎರಡೂ ಕಡೆ ಗಾಡಿಗಳು ನಿಂತು ಹಾರನ್ ಬಾರಿಸಿದವು. ನಾನು ಪೆಟ್ಟಿಗೆ ಎತ್ತುತ್ತಿದ್ದರೆ ಇವರು ಜೇಬಿನಿಂದ ಬಿಳಿ ಬಟ್ಟೆ ತೆಗೆದು ಬಿಡಿಸುತ್ತಿದ್ದಾರೆ! "ಬರಿಗೈಯಲ್ಲಿ ಎತ್ತಿ ಸಾಯ್ರೀ!" ಅಂದೆ. ಭಾವನಿಗೆ ಹಾಗೆ ಅನ್ನಬಾರದು. ಅಂದೆ.

ಪಕ್ಕಕ್ಕೆ ಬಂದು ಕಲ್ಲನ್ನು ತಿರುಗಿಸಿ ನೋಡಿದರು. ಕೆಳಗಿನ ಅಂಚಿನಲ್ಲಿ ಕಿರುಬೆರಳಿನ ಉಗುರಿನಷ್ಟು ಚಕ್ಕೆ ಹಾರಿತ್ತು. ಉಳಿದ ನಾಲ್ಕಕ್ಕೂ ಏನೂ ಆಗಿರಲಿಲ್ಲ.

"ಶೆಡ್ಡಿಗೆ ಹೋಗೋಣ. ಸೀಸ ಕಾಯಿಸಿ ತಳದ ತೂತಿಗೆ ಸ್ವಲ್ಪ ಸುರೀತೀನಿ" ಅಂದೆ. ತೂಕ ಸರಿ ಮಾಡಲಿಕ್ಕೆ ಅಂತಲೇ ಕಲ್ಲಿನ ತಳದಲ್ಲಿ ಒಂದು ತೂತು ಇರುತ್ತದೆ. ಅದರಲ್ಲಿ ಸೀಸ, ಆ ಸೀಸದ ಮೇಲೆಯೇ ಮುದ್ರೆ.

"ಎಷ್ಟು ಹೋಗಿದೆ ಅಂತ ಗೊತ್ತಿಲ್ಲದೆ ಎಷ್ಟು ಸುರೀತೀಯಾ? ಇದೇನು ಕಿಟಕಿ ಕಂಬಿನಾ? ನನ್ನ ಸಣ್ಣ ತಕ್ಕಡಿ ಮನೇಲಿದೆ. ಹೋಗಿ ಬರೋದರಲ್ಲಿ ಆಫೀಸಿನ ಕಿಟಕಿ ಮುಚ್ಚಿರುತ್ತೆ."

"ಹಾಗಾದರೆ ಹೀಗೇ ನಡೀರಿ. ಅವರಿಗೇನು ಕಾಣುತ್ತೆ?"

ಅವರು ಕ್ಯಾರಿಯರಿನ ಮುರಿದ ಕಾಲನ್ನು ಕೈಯಲ್ಲಿ ಹಿಡಿದು, ಮುರಿದ ಜಾಗ ನೋಡಿದರು, ಆಮೇಲೆ ಅಂಕಿ ನೋಡಿದರು. ಮತ್ತೆ ಮುರಿದ ಜಾಗ. ನನಗೆ ಸುಮ್ಮನಿರಲಾಗಲಿಲ್ಲ. "ಓದಿ ಭಾವ, ಗಟ್ಟಿಯಾಗಿ ಓದಿ, ಗೇಟಿನವನಿಗೂ ಕೇಳಲಿ. ಒಂದು ಕಿಲೋ ಮಿಗುತ್ತಲ್ಲ!"

ಪೆಟ್ಟಿಗೆಯನ್ನು ನನ್ನ ಸೈಕಲ್ಲಿನ ಹಿಂದೆ ಕಟ್ಟಿ, ಇಬ್ಬರೂ ತಳ್ಳಿಕೊಂಡು ನಡೆದೆವು. ಆಫೀಸು ತಲುಪಿದಾಗ ಹನ್ನೆರಡು ಮುಕ್ಕಾಲು.

ಆ ಆಫೀಸನ್ನು ಏನು ಹೇಳಲಿ. ಉದ್ದನೆಯ ಕೋಣೆ, ಎರಡು ಫ್ಯಾನು, ಅದರಲ್ಲಿ ತಿರುಗುವುದು ಒಂದು. ಗಾಜಿನ ಪೆಟ್ಟಿಗೆಯೊಳಗೆ ಒಳ್ಳೇ ತಕ್ಕಡಿ, ಅದರ ಮೇಲೆ ಗುಮಾಸ್ತನ ಊಟದ ಡಬ್ಬಿ. ಸಾಲಿನಲ್ಲಿ ನಮ್ಮ ಮುಂದೆ ಇದ್ದವನಿಗೆ ಊರೆಲ್ಲ 'ಬ್ಯಾಟರಿ' ಅನ್ನುತ್ತದೆ. ಕರೆಂಟಿನ ತಕ್ಕಡಿ ರಿಪೇರಿ ಮಾಡುವವನು, ಮೋಟಾರ್ ಬೈಕಿನಲ್ಲಿ ಬರುತ್ತಾನೆ, ಯಾವ ತಕ್ಕಡಿಗೂ ಬ್ಯಾಟರಿ ಹೋಗಿದೆ ಅನ್ನುವುದು ಬಿಟ್ಟರೆ ಇನ್ನೊಂದು ಮಾತು ಬರುವುದಿಲ್ಲ. ಮಂಡಿಯ ಕೆಲಸದ ಮೇಲೆ ಮೂರು ವರ್ಷದಿಂದ ಕಣ್ಣು. ನಮ್ಮನ್ನು ನೋಡಿ, "ಏನ್ ಹಿರಿಯರೇ, ನಡಕೊಂಡೇ ಬಂದ್ರಾ? ಆರೋಗ್ಯಕ್ಕೆ ಒಳ್ಳೇದು" ಅಂದ.

ಗುಮಾಸ್ತ ಅವನ ಕಲ್ಲುಗಳಿಗೆ ಟಪಟಪ ಮುದ್ರೆ ಒತ್ತಿ ಕಳಿಸಿದ. ನಮ್ಮ ಸರದಿ ಬಂತು. ಭಾವ ಬಟ್ಟೆ ಸುತ್ತಿ ಕಲ್ಲುಗಳನ್ನು ಸಾಲಾಗಿ ಇಟ್ಟರು. ಗುಮಾಸ್ತ ಗಡಿಯಾರ ನೋಡಿದ, ಕಲ್ಲನ್ನು ಮಗುಚಿದ, ಅಚ್ಚು ಇಟ್ಟು ಸುತ್ತಿಗೆಯಲ್ಲಿ ಹೊಡೆದ. ಒಂದರದ್ದು, ಎರಡರವು, ಐದು, ಹತ್ತು. ಐದು ಏಟು. ತಕ್ಕಡಿಯ ಮೇಲಿನ ಊಟದ ಡಬ್ಬಿ ಅಲ್ಲಾಡಲಿಲ್ಲ.

ನನಗೆ ಜೀವ ಬಂತು. ಮುಗಿಯಿತು, ಮಂಡಿ ಉಳಿಯಿತು, ಅಕ್ಕನ ಬಾಯಿ ತಪ್ಪಿತು. ಪೆಟ್ಟಿಗೆಗೆ ಕೈ ಹಾಕಿದೆ.

ಭಾವ ಅಲ್ಲೇ ನಿಂತಿದ್ದರು. "ತೂಗಲಿಲ್ಲವಲ್ಲ ಸ್ವಾಮಿ" ಅಂದರು.

"ನಿಮ್ಮ ಕಲ್ಲು ತಾನೇ? ಇಷ್ಟು ವರ್ಷದಿಂದ ನೋಡ್ತಿದೀನಿ. ಹೋಗಿ ಹೋಗಿ."

"ಇಷ್ಟು ವರ್ಷವೂ ಹೀಗೇ ಒತ್ತಿದ್ದಾ?"

ಗುಮಾಸ್ತ ಊಟದ ಡಬ್ಬಿ ಎತ್ತಿಕೊಂಡ. ನಾನು ಭಾವನ ತೋಳು ಹಿಡಿದು, "ಬಾಯಿ ಮುಚ್ಚಿಕೊಂಡು ಬನ್ನಿ, ನಿಮಗೆ ಕೈ ಮುಗೀತೀನಿ" ಅಂದೆ, ಕಿವಿಯಲ್ಲಿ. ಅವರು ತೋಳು ಕೊಡವಿದರು. ಇಷ್ಟು ವರ್ಷದಲ್ಲಿ ಆ ಮನುಷ್ಯ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

"ಹತ್ತರ ಕಲ್ಲು ಬಿದ್ದಿದೆ ಸ್ವಾಮಿ! ಚಕ್ಕೆ ಹೋಗಿದೆ! ತೂಗಿ!"

ಒಳಗಿನ ಕೋಣೆಯಿಂದ ಮೇಡಂ ಹೊರಗೆ ಬಂದರು. ಅವರೇ ದೊಡ್ಡ ಅಧಿಕಾರಿ. ಅವರ ಮುಂದೆ ಗುಮಾಸ್ತ ಇನ್ನೇನು ಮಾಡುತ್ತಾನೆ, ತೂಗಿದ. ಆರು ಗ್ರಾಂ ಕಡಿಮೆ. ಮೇಡಂ ಭಾವನ ಮುಖ ನೋಡಿ, "ನೀವಾಗಿಯೇ ಹೇಳಿದಿರಿ, ಸಂತೋಷ. ಆದರೆ ಇದನ್ನು ನಾನು ಪಾಸ್ ಮಾಡುವ ಹಾಗಿಲ್ಲ. ಸರಿ ಮಾಡಿ ಮುಂದಿನ ತಿಂಗಳು ತನ್ನಿ" ಅಂದರು. ಐದು ನಿಮಿಷ ಹಿಂದೆ ಬಿದ್ದ ಹೊಸ ಮುದ್ರೆಯ ಮೇಲೆ ಅದೇ ಗುಮಾಸ್ತ ಅಡ್ಡಗೆರೆ ಹೊಡೆದ. ಆ ಏಟು ಮಾತ್ರ ಬಹಳ ಜೋರಾಗಿ ಹೊಡೆದ, ಮುಂಡೇಗಂಡ.

ಹೊರಗೆ ಬ್ಯಾಟರಿ ಬೈಕಿನ ಮೇಲೆ ಕೂತು ಹಲ್ಲು ಕಿರಿಯುತ್ತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಅವನ ಕಲ್ಲುಗಳನ್ನೂ ಯಾರೂ ತೂಗಿರಲಿಲ್ಲವಲ್ಲ. ಅದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಆಗಲೇ ಹೊಳೆದಿದ್ದರೆ ಕೂಗಿ ಆಫೀಸನ್ನೇ ಕಿತ್ತು ಹಾಕುತ್ತಿದ್ದೆ.

ಮಂಡಿ ಬ್ಯಾಟರಿಯ ಪಾಲಾಯಿತು. ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಅದೇ ಹೆದರಿಕೆ ಹುಟ್ಟಿಸುವ ವಿಷಯ. ತಟ್ಟೆಗೆ ಅನ್ನ ಹಾಕುವಾಗ, "ಇಷ್ಟು ಸಾಕಾ, ತೂಗಿ ಹಾಕಲಾ?" ಅಂತ ಒಂದೇ ಮಾತು ಕೇಳಿದಳು. ಭಾವ ತಲೆ ಬಗ್ಗಿಸಿ ಉಂಡರು. ಆ ವರ್ಷ ಅವಳು ಎರಡು ಮನೆಯ ಬಟ್ಟೆ ಹೊಲಿಗೆ ಹೆಚ್ಚಿಗೆ ಹಿಡಿದಳು.

ಜನ ನನ್ನನ್ನು ಕೇಳುತ್ತಾರೆ, ನಿಮ್ಮ ಭಾವ ಎಂಥಾ ಪ್ರಾಮಾಣಿಕ ಅಲ್ವಾ ಅಂತ. ನಾನು ದಡ್ಡ ಅನ್ನುತ್ತೇನೆ. ಆರು ಗ್ರಾಮಿಗೆ ಮನೆಯ ಅರ್ಧ ಅನ್ನ ಕೊಟ್ಟವನಿಗೆ ಬೇರೆ ಹೆಸರು ನನಗೆ ಗೊತ್ತಿಲ್ಲ. ಆರು ಗ್ರಾಂ ಕಡಿಮೆ ಇದ್ದ ಆ ಕಲ್ಲಿಟ್ಟು ಅವರು ಸರಿ ಮಾಡಿದ ತಕ್ಕಡಿಯಲ್ಲಿ ಯಾವ ಬಡವನೂ ಸಾಯುತ್ತಿರಲಿಲ್ಲ. ಆದರೆ ಅಕ್ಕಿ ಬೇಳೆ ಮಾತ್ರ ನಾನು ಅವರು ಮುಟ್ಟಿದ ತಕ್ಕಡಿಯ ಅಂಗಡಿಯಲ್ಲೇ ಕೊಳ್ಳುವುದು. ಬ್ಯಾಟರಿ ಮುಟ್ಟಿದ ಅಂಗಡಿಗೆ ಕಾಲಿಡುವುದಿಲ್ಲ.

ಹದಿನೈದು ದಿನದ ಮೇಲೆ ಭಾವ ಶೆಡ್ಡಿಗೆ ಬಂದರು. ಹತ್ತರ ಕಲ್ಲಿಲ್ಲದೆ ಪೆಟ್ಟಿಗೆ ಹಗುರವಾಗಿದ್ದರೂ ಕೈಯಲ್ಲಿ ಹೊತ್ತು ತಿರುಗಿ ಸೊಂಟ ಹೋಗಿತ್ತು.

"ಒಂದು ಕ್ಯಾರಿಯರ್ ಮಾಡಿಕೊಡಪ್ಪಾ" ಅಂದರು.

"ಅಂಕಿ ಎಷ್ಟು ಒತ್ತಲಿ?"

"ಏನೂ ಒತ್ತಬೇಡ."

ಎಂಟು ಎಂಎಂ ಸರಳು ಕತ್ತರಿಸಿದೆ. ಎರಡರ ಬದಲು ನಾಲ್ಕು ಕಾಲು, ಕೆಳಗೆ ಹಪ್ಪಳ ಬಡಿಯಲಿಲ್ಲ, ದಪ್ಪ ಪಟ್ಟಿ ಬೆಸೆದು ತೂತು ಕೊರೆದೆ. ಅಡ್ಡಕ್ಕೆ ಮೂರು ಕಂಬಿ, ಪೆಟ್ಟಿಗೆ ಜಾರದ ಹಾಗೆ ಅಂಚು. ಆನೆ ಕಟ್ಟಬಹುದಿತ್ತು. ಭಾವ ಪಕ್ಕದಲ್ಲೇ ಕೂತು ಪ್ರತಿ ಬೆಸುಗೆಗೂ ಮೂಗು ತೂರಿಸಿದರು. ಎರಡು ಸಲ ಕಣ್ಣು ಹೋಗುತ್ತೆ ದೂರ ಕೂರಿ ಅಂತ ಗದರಿದೆ. ಮುಗಿದ ಮೇಲೆ, ಹಾಳಾದ ಬುದ್ಧಿ, ಅದನ್ನು ತೂಗಿದರು. ಮೂರು ಕಿಲೋ ಏಳ್ನೂರು.

"ಭಾರ ಆಯಿತಲ್ಲಪ್ಪಾ."

"ಮುರಿಯೋ ಹಗುರದ್ದು ಬೇಕಿದ್ದರೆ ದೊಡ್ಡ ರಸ್ತೇಲಿ ಸಿಗುತ್ತೆ, ಹೋಗಿ."

ಅವರು ಜಗಳಕ್ಕೆ ಬರಲಿಲ್ಲ. ಹತ್ತರ ಕಲ್ಲಿನ ಬದಲಿಗೆ ನನ್ನ ಶೆಡ್ಡಿನ ಕಬ್ಬಿಣದ ತುಂಡುಗಳನ್ನು ಹತ್ತು ಕಿಲೋ ತೂಗಿ ಪೆಟ್ಟಿಗೆಗೆ ತುಂಬಿಸಿದರು. ಸೀದಾ ರೈಲ್ವೆ ಗೇಟಿಗೆ ಹೋದರು. ನಾನೂ ಹೋದೆ, ಏನು ಮಾಡುತ್ತಾರೆ ನೋಡೋಣ ಅಂತ. ಹಳಿ ದಾಟಿದರು, ತಿರುಗಿಸಿದರು, ಮತ್ತೆ ದಾಟಿದರು. ನಾಲ್ಕು ಸಲ, ಐದು ಸಲ. ಬೇಕೆಂದೇ ಎತ್ತರದ ಹಳಿಯ ಮೇಲೆ ಎಗರಿಸುತ್ತಿದ್ದರು.

"ಏನ್ರೀ ಅದು? ನೀವೇನು ರೈಲಾ, ಹೋಗಿ ಬಂದು ಮಾಡೋಕೆ?" ಅಂತ ಗೇಟಿನವನು ಕೂಗಿದ.

"ಸಾಕು ಬನ್ನಿ ಭಾವ, ಅದು ನನ್ನ ಕೈಯ ಬೆಸುಗೆ. ನೀವು ಮುರಿದರೂ ಅದು ಮುರಿಯಲ್ಲ" ಅಂತ ನಾನೂ ಕೂಗಿದೆ.

ಹನ್ನೊಂದನೇ ಸಲ ದಾಟಿ ಇಳಿದರು. ಮಂಡಿಯೂರಿ ಕೂತು ನಾಲ್ಕು ಕಾಲಿಗೂ ಉಗುರು ಓಡಿಸಿ ನೋಡಿದರು. ಎಡಗಡೆ ಹಿಂದಿನ ಕಾಲಿನ ಹತ್ತಿರ ಬೆರಳು ನಿಂತಿತು.

"ಇಲ್ಲಿ ಬಿಟ್ಟಿದೆ."

"ಏನು ಬಿಟ್ಟಿದೆ? ಬಣ್ಣ ಹೋಗಿರಬೇಕು."

"ಬಣ್ಣ ಬಳಿದೇ ಇಲ್ಲವಲ್ಲಪ್ಪಾ."

ಬಗ್ಗಿ ನೋಡಿದೆ. ಬೆಸುಗೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಮೂವತ್ತು ವರ್ಷದಿಂದ ಬೆಸೆಯುತ್ತಿರುವ ಕೈ ನನ್ನದು. ಆತುರದಲ್ಲಿ ಒಂದು ಕಡೆ ಸರಳು ಕಾಯುವ ಮೊದಲೇ ಎಳೆದುಬಿಟ್ಟಿದ್ದೆ. ಭಾವ ನನ್ನ ಮುಖ ನೋಡಿದರು. ನಾನು ಈಗಷ್ಟೇ ಕೂಗಿದ ಮಾತನ್ನು ಅವರು ನನಗೆ ವಾಪಸ್ ಅನ್ನಬಹುದಿತ್ತು. ಅನ್ನಲಿಲ್ಲ. ನನಗೆ ಅದೇ ಇನ್ನೂ ಸಿಟ್ಟು ತರಿಸಿತು. ಪೆಟ್ಟಿಗೆ ಇಳಿಸಿ ತಲೆ ಮೇಲೆ ಇಟ್ಟುಕೊಂಡೆ. ಅವರು ಸೈಕಲ್ ತಳ್ಳಿಕೊಂಡು ಮುಂದೆ ನಡೆದರು. ಶೆಡ್ಡಿಗೆ ಬಂದು ಆ ಬೆಸುಗೆಯನ್ನು ಪೂರ್ತಿ ಕೊರೆದು ತೆಗೆದು, ಸರಳು ಕೆಂಪಗೆ ಕಾಯುವವರೆಗೆ ಕಾದು, ನಿಧಾನವಾಗಿ ಮತ್ತೆ ಹಾಕಿದೆ. ಆರುವ ಮೊದಲೇ ಅವರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು.

"ಎಲ್ಲಿಗೆ?" ಅಂದೆ.

"ಗೇಟಿಗೆ" ಅಂದರು.